ನನ್ನ ಸಹಿಗೆ ರೆಕ್ಕೆ ಬಂದದ್ದು

ಮನುಷ್ಯ ಅಂದಮೇಲೆ ಏನಾದರೊಂದು ಕಳೆದುಕೊಳ್ಳುತ್ತಲೇ ಇರುತ್ತಾನೆ. ಕೊಡೆ ಕಳೆದುಕೊಳ್ಳುತ್ತಾನೆ, ಕನ್ನಡಕ ಕಳೆದುಕೊಳ್ಳುತ್ತಾನೆ, ಮದುವೆಯಾಗಿದ್ದರೆ ಮಾತನಾಡುವ ಅವಕಾಶ ಕಳೆದುಕೊಳ್ಳುತ್ತಾನೆ. ಇವಕ್ಕೆಲ್ಲ ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ನಾನು ಕಳೆದುಕೊಂಡದ್ದು ನನ್ನ ಸಹಿಯನ್ನು! ಹುಡುಕಿಕೊಡಿ ಎಂದು ಪೊಲೀಸರ ಹತ್ತಿರ ಹೋಗುವಂತೆಯೂ ಇಲ್ಲ. ಹೋದರೆ ಮೊದಲು ದೂರಿನ ಕೆಳಗೆ ಸಹಿ ಹಾಕಿ ಅನ್ನುತ್ತಾರೆ.

ನನ್ನ ಉದ್ಯೋಗ ಲಿಫ್ಟ್ ತಪಾಸಣೆ. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನ ಉಕ್ಕಿನ ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ, ಬಾಗಿಲು ಯಾರ ಕೈಯನ್ನೂ ಕಚ್ಚದೆ ಮುಚ್ಚುತ್ತದೆಯೇ ಎಂದು ನೋಡಿ, ಪ್ರಮಾಣಪತ್ರದ ಕೆಳಗೆ ಸಹಿ ಹಾಕುವುದು. ಈ ಊರಿನ ಲಿಫ್ಟುಗಳೆಲ್ಲ ನೇತಾಡುತ್ತಿರುವುದು ಹಗ್ಗದಿಂದಲ್ಲ, ನನ್ನ ಸಹಿಯಿಂದ ಎಂದು ನಾನೊಮ್ಮೆ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. (ಅದನ್ನು ಕೇಳಿದ ಮೇಲೆ ನನ್ನ ಹೆಂಡತಿ ಒಂದು ತಿಂಗಳು ಮೆಟ್ಟಿಲು ಹತ್ತಿಯೇ ಓಡಾಡಿದಳು.) ಹುಟ್ಟಾ ಪುಕ್ಕಲನಾದ ನನಗೆ ಹೇಳಿ ಮಾಡಿಸಿದ ಕೆಲಸ. ಯಾವ ಬೋಲ್ಟನ್ನೂ ನಾನು ಒಂದೇ ಸಲಕ್ಕೆ ನಂಬಿದವನಲ್ಲ. ಎಲ್ಲ ನೋಡಿ ಮುಗಿಸಿ, ಗೇಟಿನವರೆಗೆ ಹೋಗಿ, "ಇನ್ನೊಂದ್ಸಲ ನೋಡಿಬಿಡ್ತೀನಿ" ಎಂದು ವಾಪಸು ಬರುತ್ತೇನೆ. ಹೀಗಾಗಿ ಕಚೇರಿಯಲ್ಲಿ ನನ್ನನ್ನು ಕರೆಯುವುದೇ 'ಇನ್ನೊಂದ್ಸಲ' ಎಂದು.

ಕಲೆಯ ಹುಚ್ಚು ಹಿಡಿಸಿದ್ದು ನಮ್ಮ ಡಾಕ್ಟರು. ಎದೆ ಡವಗುಟ್ಟುತ್ತದೆ ಎಂದು ಹೋದವನನ್ನು ಅವರು ಅರ್ಧ ಗಂಟೆ ಪರೀಕ್ಷಿಸಿ, "ನಿಮಗೆ ಕಾಯಿಲೆ ಇಲ್ಲ, ಯೋಚನೆ ಇದೆ. ತಲೆಗೆ ರಜೆ ಕೊಟ್ಟು ಕೈಗೆ ಕೆಲಸ ಕೊಡಿ. ಯಾವುದಾದರೂ ಒಂದು ಕಲೆ ಕಲೀರಿ," ಎಂದರು. ಗುರುಗಳ ಹತ್ತಿರ ಹೋಗಿ ಕಲಿಯೋಣವೆಂದರೆ, ನಾನು ತಪ್ಪು ಮಾಡುವುದನ್ನು ಅವರು ನೋಡಿಬಿಡುತ್ತಾರಲ್ಲ ಎಂಬ ಯೋಚನೆ. ಪುಸ್ತಕಕ್ಕೆ ಕಣ್ಣಿಲ್ಲ, ಬಾಯಿಲ್ಲ, ಅದು ನಗುವುದಿಲ್ಲ. ಕಚೇರಿಯ ಎದುರಿಗೇ ಗ್ರಂಥಾಲಯವಿತ್ತು. ಒಂದು ಪುಸ್ತಕಕ್ಕೆ ಹದಿನಾಲ್ಕು ದಿನದ ಗಡುವು. ಹೀಗೆ ನಾನು ಹದಿನಾಲ್ಕು ದಿನಕ್ಕೊಂದರಂತೆ ಲಲಿತಕಲೆಗಳ ಮೇಲೆ ದಂಡಯಾತ್ರೆ ಹೊರಟೆ.

"ಈಜೋದನ್ನೂ ಪುಸ್ತಕ ನೋಡಿ ಕಲೀತೀರಾ?" ಎಂದು ಹೆಂಡತಿ ಕೇಳಿದಳು.

"ಅದು ಬೇರೆ. ಅದರಲ್ಲಿ ಪುಸ್ತಕ ನೆನೆದುಹೋಗುತ್ತೆ," ಎಂದೆ.

ಅವಳು ಒಂದನೇ ತರಗತಿಯ ಟೀಚರು. ವರ್ಷಕ್ಕೆ ನಲವತ್ತು ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುವವಳು. ಕಲಿಸುವುದೆಂದರೆ ಬೆರಳು ಹಿಡಿಯುವುದು ಎಂದೇ ಅವಳ ನಂಬಿಕೆ. ಪುಸ್ತಕ ಯಾರ ಬೆರಳನ್ನು ಹಿಡಿದೀತು ಎಂದು ಅವಳ ಪ್ರಶ್ನೆ. ಆದರೂ ನಾನು ಮೊದಲು ತಂದ ಮೂಕಾಭಿನಯದ ಪುಸ್ತಕವನ್ನು ಅವಳು ಬಹಳ ಮೆಚ್ಚಿಕೊಂಡಳು. ಹದಿನಾಲ್ಕು ದಿನ ನಾನು ತುಟಿ ಬಿಚ್ಚದೆ ಓಡಾಡಿದೆ. ಗಡುವು ಮುಗಿದಾಗ ಅವಳೇ ಗ್ರಂಥಾಲಯಕ್ಕೆ ಹೋಗಿ ಇನ್ನೂ ಹದಿನಾಲ್ಕು ದಿನಕ್ಕೆ ಮುದ್ರೆ ಹಾಕಿಸಿಕೊಂಡು ಬಂದಳು.

ಆಮೇಲೆ ಚಲನಚಿತ್ರ ನಿರ್ದೇಶನ. ಆ ಪುಸ್ತಕದ ಮೊದಲ ಪುಟದಲ್ಲೇ, 'ಎಲ್ಲವೂ ಕೈಕೊಡಬಹುದೆಂದು ಸದಾ ಎಣಿಸುತ್ತಿರುವವನೇ ನಿರ್ದೇಶಕ' ಎಂದಿತ್ತು. ಓದಿ ರೋಮಾಂಚನವಾಯಿತು. ಇಷ್ಟು ವರ್ಷ ನನ್ನನ್ನು ಎಲ್ಲರೂ ಪುಕ್ಕಲ ಎಂದುಕೊಂಡಿದ್ದರಲ್ಲ, ನಾನು ನಿರ್ದೇಶಕನಾಗಿದ್ದೆ! ಮೊಬೈಲು ಹಿಡಿದು, ಹೆಂಡತಿ ಅಡುಗೆಮನೆಯಿಂದ ಕಾಫಿ ಹಿಡಿದು ಬರುವ ದೃಶ್ಯವನ್ನು ಹನ್ನೊಂದು ಸಲ ತೆಗೆದೆ. ಹನ್ನೆರಡನೇ ಸಲ ಅವಳು ಬಾಗಿಲಲ್ಲೇ ನಿಂತು ಕಾಫಿಯನ್ನು ತಾನೇ ಕುಡಿದು ಲೋಟ ಕೆಳಗಿಟ್ಟಳು. 'ಪಾತ್ರಧಾರಿಗಳಲ್ಲಿ ನಿಜವಾದ ಭಾವ ಹೊಮ್ಮಬೇಕಾದರೆ ಅವರಿಗೆ ಮುಂಚೆ ಏನೂ ಹೇಳಬೇಡಿ' ಎಂದು ಐದನೇ ಅಧ್ಯಾಯದಲ್ಲಿತ್ತು. ಅದರಂತೆ ನಾನು ಅವಳು ತಿದ್ದಿಟ್ಟಿದ್ದ ನಲವತ್ತು ಉತ್ತರಪತ್ರಿಕೆಗಳನ್ನು ಹಾಸಿಗೆಯಡಿ ಬಚ್ಚಿಟ್ಟು, ಅವಳು ಹುಡುಕುವಾಗ ಕ್ಯಾಮೆರಾ ಚಾಲೂ ಮಾಡಿದೆ. ಭಾವ ಹೊಮ್ಮಿತು. ನನ್ನ ಏಕೈಕ ಚಿತ್ರದಲ್ಲಿ ಹೆಂಡತಿಯ ಅಂಗೈ ದೊಡ್ಡದಾಗುತ್ತಾ ಹತ್ತಿರ ಬರುತ್ತದೆ, ಆಮೇಲೆ ಕತ್ತಲು.

ಇದಾದ ಮೇಲೆ ಸದ್ದಿಲ್ಲದ, ಒಬ್ಬನೇ ಮಾಡಬಹುದಾದ ಕಲೆಗಾಗಿ ಹುಡುಕಿದಾಗ ಸಿಕ್ಕಿದ್ದು ಫ್ರೆಂಚ್ ಶೈಲಿಯ ಗೀಚುಚಿತ್ರಗಳನ್ನು ಕಲಿಸುವ ಒಂದು ತೆಳ್ಳನೆಯ ಪುಸ್ತಕ. (ಫ್ರಾನ್ಸಿನವರು ನಿಜಕ್ಕೂ ಹೀಗೆ ಗೀಚುತ್ತಾರೋ ಇಲ್ಲವೋ ನಾನು ಕಂಡವನಲ್ಲ. ಪುಸ್ತಕ ಹಾಗೆಂದಿತ್ತು, ನಾನು ನಂಬಿದೆ.) ಪೆನ್ನನ್ನು ಕಾಗದದಿಂದ ಎತ್ತದೆ, ಯೋಚನೆ ಮಾಡದೆ, ಒಂದೇ ಗೆರೆಯಲ್ಲಿ ಬೆಕ್ಕು, ಹಕ್ಕಿ, ಹ್ಯಾಟು ಹಾಕಿದ ಮನುಷ್ಯ, ಹೀಗೆ ಏನು ಬೇಕಾದರೂ ಎಳೆಯುವುದು. ಯೋಚನೆ ಮಾಡದೆ ಎಂಬುದೇ ಕಷ್ಟ. ಯೋಚನೆ ಮಾಡುತ್ತಿಲ್ಲ ತಾನೇ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎರಡನೇ ಅಧ್ಯಾಯ ನನ್ನ ಕೈಹಿಡಿಯಿತು. 'ಪ್ರತಿಯೊಬ್ಬನೂ ಯೋಚಿಸದೆ ಎಳೆಯುವ ಗೆರೆ ಒಂದಿದೆ, ಅದು ಅವನ ಸಹಿ. ಅಲ್ಲಿಂದ ಶುರು ಮಾಡಿ. ಸಹಿಯನ್ನು ಪಂಜರದಿಂದ ಬಿಡಿ.'

ಇಲ್ಲಿ ನಾನೊಂದು ಗುಟ್ಟು ಹೇಳಬೇಕು. ನನ್ನಲ್ಲಿ ಕಲೆ ಇದೆ ಎಂಬುದಕ್ಕೆ ನನ್ನ ಹತ್ತಿರ ಒಂದು ಪುರಾವೆಯಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮದುವೆಯೂ ಹೊಸದು, ಕಚೇರಿಯಿಂದ ಮಾದರಿ ಸಹಿಯ ಕಾರ್ಡು ಕೊಟ್ಟಿದ್ದರು. ಮೂರು ಚೌಕ, ಮೂರರಲ್ಲೂ ಸಹಿ ಒಂದೇ ತರಹ ಇರಬೇಕು, ನಿವೃತ್ತಿಯಾಗುವವರೆಗೆ ಅದೇ ಸಹಿ. ನಿವೃತ್ತಿಯಾಗುವವರೆಗೆ ಎಂದ ತಕ್ಷಣ ನನ್ನ ಕೈ ನಡುಗಿತು. ಕಾರ್ಡನ್ನು ಮನೆಗೆ ತಂದು ಮೂರು ದಿನ ಅಭ್ಯಾಸ ಮಾಡಿದೆ. ಹಳೇ ಪತ್ರಿಕೆ, ಕ್ಯಾಲೆಂಡರ್, ಮದುವೆಗೆ ಬಂದ ಶುಭಾಶಯ ಪತ್ರಗಳ ಬೆನ್ನು, ಎಲ್ಲವೂ ತುಂಬಿದವು. ಒಂದೂ ಹಿಡಿಸಲಿಲ್ಲ. ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದೆ. ಎದ್ದು ನೋಡಿದರೆ ಪೆನ್ನು ನನ್ನ ಕೈಯಲ್ಲಿದೆ, ಕಾರ್ಡಿನ ಮೂರು ಚೌಕಗಳಲ್ಲೂ ಮುತ್ತು ಪೋಣಿಸಿದಂತಹ ಸಹಿ! ತಲೆ ಮಲಗಿದಾಗ ಕೈ ತಾನಾಗಿ ಅರಳಿತ್ತು. ಅಂದಿನಿಂದ ಆ ಸಹಿಯನ್ನೇ ನೋಡಿ ನೋಡಿ ರೂಢಿಸಿಕೊಂಡು ಹಾಕುತ್ತಾ ಬಂದೆ. ಈ ಕಥೆಯನ್ನು ನಾನು ನೂರಾರು ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು. ಹೆಮ್ಮೆಯಿಂದ ಗಂಟಲು ಕಟ್ಟಿರಬೇಕು ಎಂದುಕೊಂಡಿದ್ದೆ.

ಅಂತಹ ಸಹಿಯನ್ನು ನಾನು ಪಂಜರದಿಂದ ಬಿಟ್ಟೆ. ಮೊದಲಕ್ಷರದ ಹೊಟ್ಟೆ ಹಕ್ಕಿಯ ಹೊಟ್ಟೆಯಾಯಿತು, ಮಧ್ಯದ ಏರಿಳಿತ ರೆಕ್ಕೆಯಾಯಿತು, ಕೊನೆಯ ಗೆರೆ ಬಾಲವಾಯಿತು, ಚುಕ್ಕೆ ಕಣ್ಣಾಯಿತು. ಹತ್ತು ದಿನದಲ್ಲಿ ನಾನು ಎಂತಹ ರೇಖಾಬ್ರಹ್ಮನಾದೆ ಎಂದರೆ, ಪೆನ್ನು ಕಾಗದಕ್ಕೆ ತಾಗಿದರೆ ಸಾಕು, ಪುರ್ರೆಂದು ಹಕ್ಕಿ. ಎದೆ ಡವಗುಟ್ಟುವುದು ನಿಂತಿತು. ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅದೇ ಸಮಯಕ್ಕೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅತ್ತೆ ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ಕೆಲಸ ಮಾಡಿದವರು. ಪದಕ್ಕಿಷ್ಟು ದರ ಎಂದು ಲೆಕ್ಕ ಹಾಕಿ ಹಾಕಿ, ನಿವೃತ್ತರಾದ ಮೇಲೂ ತಂತಿಯ ಭಾಷೆಯಲ್ಲೇ ಮಾತನಾಡುತ್ತಾರೆ. ಬಿದ್ದ ದಿನ ಅವರು ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಫೋನು ಮಾಡಿ ಹೇಳಿದ್ದು ಇಷ್ಟೇ: "ಬಿದ್ದೆ. ಮುರಿದಿದೆ. ಗಾಬರಿ ಬೇಡ. ಬಾ." ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಿಂದ ಕಳಿಸುತ್ತಾರೆ, ಆರು ವಾರ ನಮ್ಮ ಮನೆಯಲ್ಲೇ ಇರುವುದು, ಒಂದೇ ಒಂದು ಮೆಟ್ಟಿಲನ್ನೂ ಹತ್ತುವಂತಿಲ್ಲ ಎಂದು ತೀರ್ಮಾನವಾಯಿತು. ನಮ್ಮ ಮನೆಯಿರುವುದು ನಾಲ್ಕನೇ ಮಹಡಿಯಲ್ಲಿ. ಲಿಫ್ಟು, ಹಗ್ಗ ಬದಲಾಯಿಸಲೆಂದು ಎರಡು ವಾರದಿಂದ ಮುಚ್ಚಿ ಬಾಗಿಲಿಗೆ ಮೊಹರು ಹಾಕಿದೆ. ಅದು ತೆರೆಯಬೇಕಾದರೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ತಪಾಸಣಾಧಿಕಾರಿಯ ಸಹಿ ಬೇಕು. ಆ ಅಧಿಕಾರಿ ಬೇರೆ ಯಾರೂ ಅಲ್ಲ, ಸಾಕ್ಷಾತ್ ನಾನೇ.

"ಅಂತೂ ನಿಮ್ಮ ಕೆಲಸದಿಂದ ಮನೆಗೊಂದು ಉಪಯೋಗ ಆಯ್ತು ನೋಡಿ," ಎಂದು ಹೆಂಡತಿ ಮದುವೆಯಾದಂದಿನಿಂದ ಮೊದಲ ಬಾರಿಗೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ನಾನು ಉಬ್ಬಿಹೋದೆ. ಸೋಮವಾರ ಲಿಫ್ಟನ್ನು ಮೂರು ಸಲ ಪರೀಕ್ಷಿಸಿದೆ. ಅತ್ತೆಯ ತೂಕದ ಐದರಷ್ಟು ಮರಳಿನ ಚೀಲ ಹೇರಿ ಮೇಲೆ ಕೆಳಗೆ ಓಡಿಸಿದೆ. ಎಲ್ಲವೂ ಸರಿಯಾಗಿತ್ತು. ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೈ ನಡುಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬುಧವಾರ ಪ್ರಮಾಣಪತ್ರ ಕೇಂದ್ರ ಕಚೇರಿಯಿಂದ ವಾಪಸು ಬಂತು. ಜೊತೆಗೊಂದು ಚೀಟಿ: 'ಸಹಿಯ ಸ್ಥಳದಲ್ಲಿ ಪಕ್ಷಿಯನ್ನು ಹೋಲುವ ಆಕೃತಿಯೊಂದು ಕಂಡುಬಂದಿದ್ದು, ಸದರಿ ಪಕ್ಷಿಯು ಈ ಕಚೇರಿಯಲ್ಲಿರುವ ಮಾದರಿ ಸಹಿಯೊಂದಿಗೆ ತಾಳೆಯಾಗದ ಕಾರಣ ಹಿಂದಿರುಗಿಸಲಾಗಿದೆ.'

ಚೀಟಿಯನ್ನು ಜೇಬಿಗೆ ತುರುಕಿಕೊಂಡೆ. ಮನೆಗೆ ಬಂದರೆ ಹೆಂಡತಿ ಅತ್ತೆಗೆಂದು ಕಿಟಕಿಯ ಪಕ್ಕ ಮಂಚ ಹಾಕಿಸಿ, ಹೊಸ ದಿಂಬಿಗೆ ಗವಸು ಹಾಕುತ್ತಿದ್ದಳು.

"ಪ್ರಮಾಣಪತ್ರ ಬಂತೇನ್ರೀ?"

"ಬಂತು," ಎಂದೆ. (ಬಂದದ್ದು ನಿಜ. ವಾಪಸು ಬಂತು ಎಂಬುದನ್ನಷ್ಟೇ ನುಂಗಿಕೊಂಡೆ.)

"ಹಾಗಾದ್ರೆ ಶುಕ್ರವಾರ ಅಮ್ಮನ್ನ ನೇರವಾಗಿ ಮೇಲೆ ಕರ್ಕೊಂಡು ಬರಬಹುದು."

"ಬರಬಹುದು, ಬರಬಹುದು," ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಹಾಳೆಯ ಮೇಲೆ ಸಹಿ ಹಾಕಿ ನೋಡಿದೆ. ಹಕ್ಕಿ. ಮತ್ತೊಂದು ಹಾಕಿದೆ. ಅದರ ಮರಿ.

ಗುರುವಾರ ಬೆಳಿಗ್ಗೆ ಕೇಂದ್ರ ಕಚೇರಿಯ ದಾಖಲೆ ಕೋಣೆಗೆ ಓಡಿದೆ. ಸಹಿ ತಾಳೆ ನೋಡುವ ಗುಮಾಸ್ತರಿಗೆ ಇಲಾಖೆಯಲ್ಲಿ ಎಲ್ಲರೂ ಇಟ್ಟಿರುವ ಹೆಸರು ಭೂತಗನ್ನಡಿ. ಬಲಗಣ್ಣಿಗೆ ಸದಾ ಒಂದು ಭೂತಗನ್ನಡಿ ಹಿಡಿದಿರುತ್ತಾರೆ. ಅದರೊಳಗಿನಿಂದ ನೋಡುವ ಆ ಕಣ್ಣು ಟೀ ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತದೆ.

"ನನ್ನ ಮಾದರಿ ಕಾರ್ಡು ಒಂದು ಸಲ ತೋರಿಸಿ ಸಾರ್. ನೋಡ್ಕೊಂಡು ಹಾಕಿಬಿಡ್ತೀನಿ," ಎಂದೆ.

"ಅದು ಹೇಗೆ ಸಾರ್ ಆಗುತ್ತೆ? ತೋರಿಸಿದ್ರೆ ನೀವು ನಕಲು ಮಾಡಿಬಿಡ್ತೀರಿ."

"ನನ್ನ ಸಹೀನ ನಾನೇ ನಕಲು ಮಾಡೋದಾ?"

"ಅದು ನಿಮ್ಮ ಸಹೀನೋ ಅಲ್ವೋ ಅನ್ನೋದೇ ಅಲ್ವಾ ಸಾರ್ ಈಗಿರೋ ಪ್ರಶ್ನೆ?"

ಅವರ ಎದುರಿಗೇ ಹೊಸ ಪ್ರಮಾಣಪತ್ರದ ಮೇಲೆ, ಹಕ್ಕಿ ಬೇಡ ಹಕ್ಕಿ ಬೇಡ ಎಂದು ಜಪಿಸುತ್ತಾ ಸಹಿ ಹಾಕಿದೆ. ಅವರು ಕಾಗದದ ಮೇಲೆ ಬಹಳ ಹೊತ್ತು ಬಾಗಿ ನೋಡಿದರು.

"ಸುಧಾರಿಸಿದೆ. ಮೊದಲ್ನೇದು ಹಾರ್ತಾ ಇತ್ತು, ಇದು ಕೂತಿದೆ," ಎಂದರು. "ಇನ್ನೊಂದೇ ಅವಕಾಶ ಸಾರ್. ಮೂರನೇ ಸಲಾನೂ ತಾಳೆ ಆಗ್ಲಿಲ್ಲ ಅಂದ್ರೆ ಫೈಲು ಸಮಿತಿಗೆ ಹೋಗುತ್ತೆ. ಬೇರೆ ಅಧಿಕಾರಿ ಬಂದು ನೋಡಬೇಕು. ಮೂರು ವಾರ ಅಂತ ಇಟ್ಕೊಳ್ಳಿ."

ಮೂರು ವಾರ! ಅತ್ತೆಯ ಸೊಂಟ, ಹೆಂಡತಿಯ ಕಣ್ಣು, ನನ್ನ ನೌಕರಿ ಮೂರೂ ಒಟ್ಟಿಗೆ ಮುಂದೆ ಬಂದು ನಿಂತವು. ಆಗ ಹೊಳೆಯಿತು. ಊರಿನ ಪ್ರತಿಯೊಂದು ಲಿಫ್ಟಿನಲ್ಲೂ ಗಾಜಿನ ಚೌಕಟ್ಟಿನೊಳಗೆ ನಾನು ಸಹಿ ಹಾಕಿದ ಪ್ರಮಾಣಪತ್ರ ತೂಗುಹಾಕಿರುತ್ತಾರಲ್ಲ! ಒಂದು ಬ್ಯಾಂಕಿಗೆ ನುಗ್ಗಿದೆ, ಒಂದು ಅಂಗಡಿ ಸಂಕೀರ್ಣಕ್ಕೆ ನುಗ್ಗಿದೆ, ಕಣ್ಣಿನ ಆಸ್ಪತ್ರೆಯೊಂದರಲ್ಲಿ ಒಂದೇ ಲಿಫ್ಟಿನಲ್ಲಿ ಆರು ಸಲ ಮೇಲೆ ಕೆಳಗೆ ಹೋದೆ. ಐದು ಲಿಫ್ಟು ನೋಡಿದೆ, ಐದು ಸಹಿ ಐದು ತರಹ ಇದ್ದವು. ಒಂದರಲ್ಲಿ ಹೊಟ್ಟೆ ದಪ್ಪ, ಒಂದರಲ್ಲಿ ಗೆರೆ ಸೊಟ್ಟ, ಒಂದರಲ್ಲಿ ಚುಕ್ಕೆಯೇ ಇಲ್ಲ. ವರ್ಷ ಕಳೆದಂತೆ ನನ್ನ ಸಹಿ ನನ್ನ ಹಾಗೆಯೇ ಎಲ್ಲೆಂದರಲ್ಲಿ ಸಡಿಲಾಗಿತ್ತು. ಹಾಗಾದರೆ ಅಸಲಿ ಯಾವುದು? ಈ ಗಾಬರಿಗೆ ಎದೆ ಮತ್ತೆ ಡವಗುಟ್ಟತೊಡಗಿತು.

ಮನೆಗೆ ಬಂದು, ಹೆಂಡತಿ ಶಾಲೆಯಿಂದ ಬರುವುದರೊಳಗೆ ಕಪಾಟು ತಡಕಾಡಿದೆ. ಮಗಳ ಅಂಕಪಟ್ಟಿಗಳು ಸಿಕ್ಕವು. ಈಗ ಅವಳು ಏಳನೇ ತರಗತಿ. ಆರು ವರ್ಷದ ಅಂಕಪಟ್ಟಿಗಳಲ್ಲೂ 'ತಂದೆಯ ಸಹಿ' ಎಂಬಲ್ಲಿ ನನ್ನ ಸಹಿ! ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಅದೇ ಮುತ್ತು ಪೋಣಿಸಿದ ಸಹಿ, ಅದೇ ಹೊಟ್ಟೆ, ಅದೇ ಚುಕ್ಕೆ. ಖುಷಿಯಿಂದ ಕುಣಿಯುವುದೊಂದು ಬಾಕಿ.

"ನೋಡು ಮಗಳೇ, ನಿನ್ನ ವಿಷಯ ಬಂದ್ರೆ ನನ್ನ ಕೈ ಎಷ್ಟು ಸ್ಥಿರವಾಗಿರುತ್ತೆ," ಎಂದು ಆಗಷ್ಟೇ ಶಾಲೆಯಿಂದ ಬಂದ ಮಗಳಿಗೆ ಗದ್ಗದಿತನಾಗಿ ಹೇಳಿದೆ.

ಮಗಳು ಬಾಗಿ ನೋಡಿದಳು. "ಅಪ್ಪಾ, ಇದು ಅಮ್ಮ ಹಾಕಿರೋದು."

"ಯಾವುದು?"

"ಎಲ್ಲಾನೂ. ನಿಮ್ಮ ಕೈಗೆ ಅಂಕಪಟ್ಟಿ ಕೊಟ್ರೆ ಗಣಿತದಲ್ಲಿ ಯಾಕೆ ಮೂರು ಅಂಕ ಕಮ್ಮಿ, ಮುಂದೆ ಇವಳ ಗತಿ ಏನು ಅಂತ ಯೋಚನೆ ಮಾಡ್ತಾ ಕೂತುಬಿಡ್ತೀರಿ. ಸಹಿ ಬರೋದೇ ಇಲ್ಲ. ಅದಕ್ಕೇ ನಾನು ಅಮ್ಮನ ಹತ್ರ ಹೋಗ್ತೀನಿ. ಅಮ್ಮ ಎರಡು ಸೆಕೆಂಡಲ್ಲಿ ನಿಮ್ಮ ಸಹಿ ಹಾಕಿಕೊಡ್ತಾಳೆ."

ನನ್ನ ಸಹಿಯನ್ನು ನನ್ನ ಮನೆಯಲ್ಲೇ ಇಷ್ಟು ಚೆನ್ನಾಗಿ ನಕಲು ಮಾಡುವವರಿದ್ದಾರೆ! ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಇವತ್ತು ಬಾಯಿ ಬಿಟ್ಟರೆ ಹಕ್ಕಿಯ ವಿಷಯ ಹೊರಬರುತ್ತದೆ. ತೆಪ್ಪಗೆ ಆರನೇ ತರಗತಿಯ ಅಂಕಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ. ನಕಲಾದರೇನು, ಅಸಲಿ ಹೇಗಿತ್ತು ಎಂದಾದರೂ ಗೊತ್ತಾಗುತ್ತದಲ್ಲ.

ಶುಕ್ರವಾರ ಹತ್ತು ಗಂಟೆಗೇ ದಾಖಲೆ ಕೋಣೆಯಲ್ಲಿದ್ದೆ. ಅಂಕಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, ಅದನ್ನು ನೋಡುತ್ತಾ ಸಹಿ ಹಾಕಲು ಪೆನ್ನು ಬಿಚ್ಚಿದೆ. ಭೂತಗನ್ನಡಿಯವರು ಅಂಕಪಟ್ಟಿಯನ್ನು ನನ್ನ ಮುಂದಿನಿಂದ ಎಳೆದುಕೊಂಡರು. ಕಪಾಟಿನಿಂದ ಒಂದು ಹಳದಿಯಾದ ಕಾರ್ಡು ತೆಗೆದು, ನನಗೆ ಕಾಣದಂತೆ ಕೈ ಅಡ್ಡ ಹಿಡಿದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆ ಟೀ ಬಟ್ಟಲಿನ ಕಣ್ಣು ಇನ್ನಷ್ಟು ಅಗಲವಾಯಿತು.

"ಆಶ್ಚರ್ಯ ಸಾರ್! ಹತ್ತೊಂಬತ್ತು ವರ್ಷದಿಂದ ನಿಮ್ಮ ಸಹೀನ ನಾನು ಅಯ್ಯೋ ಪಾಪ ಅಂತ ಪಾಸು ಮಾಡ್ತಾ ಬಂದಿದ್ದೀನಿ. ಒಂದಾದ್ರೂ ಪೂರ್ತಿ ತಾಳೆ ಆಗಿಲ್ಲ. ಇದು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ. ಈ ಅಂಕಪಟ್ಟಿಗೆ ಸಹಿ ಹಾಕಿದ ಕೈಯೇ ಈ ಕಾರ್ಡಿಗೂ ಹಾಕಿರೋದು. ಬೇಕಾದ್ರೆ ಬರೆದುಕೊಡ್ತೀನಿ."

ಭಾನುವಾರ ಮಧ್ಯಾಹ್ನ. ಮೇಜು. ನಿದ್ದೆ. ಎದ್ದಾಗ ಕೈಯಲ್ಲಿ ಪೆನ್ನು. ತಲೆ ಮಲಗಿದಾಗ ಕೈ ತಾನಾಗಿ... ಅಯ್ಯೋ! ನನ್ನ ಜೀವನದ ಏಕೈಕ ಕಲಾಕೃತಿ!

ಅದೇ ಕ್ಷಣಕ್ಕೆ ಫೋನು ಹೊಡೆದುಕೊಂಡಿತು. ಹೆಂಡತಿ.

"ಎಲ್ಲಿದ್ದೀರಿ? ನಾವು ಆಸ್ಪತ್ರೆಯಿಂದ ಬಂದಾಯ್ತು. ಲಿಫ್ಟಿನ ಬಾಗಿಲಿಗೆ ಇನ್ನೂ ಮೊಹರು ಹಾಕಿದೆ! ಬಂತು ಅಂದ್ರಲ್ಲ? ಅಮ್ಮನ್ನ ಕೆಳಗೆ ವಾಚ್‌ಮನ್ ಕುರ್ಚೀಲಿ ಕೂರಿಸಿದ್ದೀನಿ. ಕಟ್ಟಡದೋರೆಲ್ಲ ಬಂದು ನೋಡ್ಕೊಂಡು ಹೋಗ್ತಾ ಇದ್ದಾರೆ."

ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು: "ತಲುಪಿದೆ. ಲಿಫ್ಟಿಲ್ಲ. ಕುರ್ಚಿ ಗಟ್ಟಿ. ಅಳಿಯಂದಿರು ಎಲ್ಲಿ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗೋಡೆಯ ಕಡೆ ತಿರುಗಿ, ಹಕ್ಕಿ, ಚೀಟಿ, ಮೂರನೇ ಅವಕಾಶ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುತ್ತಿದ್ದಂತೆ ನನ್ನ ಹತ್ತೊಂಬತ್ತು ವರ್ಷದ ದಾಂಪತ್ಯ ಕಣ್ಣ ಮುಂದೆ ಹಾದುಹೋಯಿತು.

"ಒಂದೇ ಒಂದು ಕೇಳ್ತೀನಿ," ಎಂದೆ. "ನಾನು ಕೆಲಸಕ್ಕೆ ಸೇರಿದಾಗ ಆ ಮಾದರಿ ಕಾರ್ಡು... ಭಾನುವಾರ ಮಧ್ಯಾಹ್ನ ನಾನು ಮಲಗಿದ್ದಾಗ..."

"ಈಗ ಅದಾ ಮುಖ್ಯ?"

"ಈಗ ಅದೇ ಮುಖ್ಯ ಕಣೇ!"

"ಹೂಂ. ನಾನೇ ಹಾಕಿದ್ದು. ಇನ್ನೇನು ಮಾಡ್ಲಿ? ಮೂರು ದಿನ ಮನೇಲಿ ಒಂದು ಖಾಲಿ ಕಾಗದ ಉಳಿಸಿರ್ಲಿಲ್ಲ ನೀವು. ಊಟ ಇಲ್ಲ, ಮಾತಿಲ್ಲ, ಸೋಮವಾರ ಕಾರ್ಡು ಕೊಡದಿದ್ರೆ ಕೆಲಸ ಹೋಗುತ್ತೆ ಅಂತ ಅಳೋ ಹಾಗಾಗಿದ್ರಿ. ನನಗೂ ಆಗ ಹೊಸದು, ನೋಡೋಕಾಗ್ಲಿಲ್ಲ. ನಿಮ್ಮದೇ ನೂರು ಗೀಚು ಸೇರಿಸಿ ನೆಟ್ಟಗಿರೋದೊಂದು ಮಾಡಿ ಹಾಕ್ದೆ. ಪೆನ್ನು ನಿಮ್ಮ ಕೈಗಿಟ್ಟೆ. ಎದ್ದು ಅಷ್ಟು ಖುಷಿಪಟ್ರಿ, ಹೇಳೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಊರಿಗೆಲ್ಲ ಹೇಳೋಕೆ ಶುರು ಮಾಡಿದ್ರಿ. ಆಮೇಲೆ ಹೇಗೆ ಹೇಳ್ಲಿ?"

ನನಗೆ ನಾಚಿಕೆಯೂ ಆಯಿತು, ಅದರ ಜೊತೆಗೇ ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಉಕ್ಕಿತು. ಆದರೆ ಅದನ್ನು ಹೇಳಲು ಪುರಸೊತ್ತಿರಲಿಲ್ಲ. ಭೂತಗನ್ನಡಿಯವರು ಅಂಕಪಟ್ಟಿಯನ್ನು ಮಡಚಿ ತಮ್ಮ ಡ್ರಾಯರಿಗೆ ಹಾಕಿಕೊಂಡು, "ಇದನ್ನ ನೋಡಿಕೊಂಡೂ ಹಾಕೋ ಹಾಗಿಲ್ಲ. ಬಿಳೀ ಕಾಗದ, ನಿಮ್ಮ ಪೆನ್ನು, ಅಷ್ಟೇ," ಎಂದರು.

"ಕೇಳಿಸ್ತೇನೇ?" ಎಂದು ಫೋನಿಗೆ ಹೇಳಿದೆ. "ನಿನ್ನ... ನನ್ನ ಸಹೀನ ಹಾಕೋದು ಹೇಗೆ?"

ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಧ್ವನಿ ಬದಲಾಯಿತು. ಅದು ಹೆಂಡತಿಯ ಧ್ವನಿಯಲ್ಲ, ಒಂದನೇ ತರಗತಿಯ ಟೀಚರ ಧ್ವನಿ.

"ನೆಟ್ಟಗೆ ಕೂತ್ಕೊಳ್ಳಿ. ಪೆನ್ನು ಬಿಗಿಯಾಗಿ ಹಿಡೀಬೇಡಿ. ಉಸಿರು ಬಿಡಿ."

"ಯಾರು ಸಾರ್ ಫೋನಲ್ಲಿ?" ಭೂತಗನ್ನಡಿಯವರು ಕೇಳಿದರು.

"ಮನೆಯವರು."

"ಮನೆಯವರಿಗೆ ನಿಮ್ಮ ಸಹಿ ಗೊತ್ತಾ?"

"ನನಗಿಂತ ಚೆನ್ನಾಗಿ."

ಅವರು ಕನ್ನಡಿ ಕೆಳಗಿಟ್ಟು, ಚಾವಣಿ ನೋಡುತ್ತಾ ಯೋಚಿಸಿದರು. "ಕೈ ನಿಮ್ಮದೇ ಆಗಿರಬೇಕು ಅಂತ ನಿಯಮ ಇದೆ. ಕಿವಿ ಬಗ್ಗೆ ಏನೂ ಇಲ್ಲ. ಮುಂದುವರಿಸಿ."

"ಮೊದಲು ಮೇಲೆ ಒಂದು ಸಣ್ಣ ಕೊಕ್ಕೆ," ಎಂದಳು ಹೆಂಡತಿ. "ಕೊಕ್ಕೆ ಅಂದೆ, ಕೊಕ್ಕಲ್ಲ. ಅಲ್ಲಿಂದ ಎಡಕ್ಕೆ ಇಳೀರಿ. ಹೊಟ್ಟೆ ಮಾಡಿ. ದುಂಡಗೆ. ಊಟ ಆದ ಹೊಟ್ಟೆ ಅಲ್ಲ, ಹಸಿದ ಹೊಟ್ಟೆ. ಆಯ್ತಾ? ಈಗ ಬಲಕ್ಕೆ ಮೂರು ಗುಡ್ಡ. ಮಧ್ಯದ್ದು ಕುಳ್ಳ."

ಮೂರನೇ ಗುಡ್ಡದ ಮೇಲೆ ನನ್ನ ಕೈ ತಾನಾಗಿ ಮೇಲಕ್ಕೆ ಹೊರಟಿತು.

"ರೆಕ್ಕೆ ಬಿಚ್ಚಬೇಡಿ!" ಎಂದು ಅವಳು ಅರಚಿದಳು. ಅಲ್ಲಿಂದ ಅವಳಿಗೆ ಹೇಗೆ ಕಂಡಿತೋ! ನಾನು ಬೆಚ್ಚಿ ಕೈಯನ್ನು ಕೆಳಕ್ಕೆ ತಂದೆ.

"ಈಗ ಪೆನ್ನು ಎತ್ತಿ. ಎತ್ತಬೇಡಿ ಅಂತ ನಿಮ್ಮ ಪುಸ್ತಕ ಹೇಳಿದ್ರೂ ಎತ್ತಿ. ಕೆಳಗೆ ಒಂದು ಗೆರೆ, ನೆಟ್ಟಗೆ, ಬಾಲ ಬೇಡ. ಕೊನೇಲಿ ಚುಕ್ಕೆ. ಕಣ್ಣಲ್ಲ, ಚುಕ್ಕೆ. ಅಷ್ಟೇ, ಕೈ ತೆಗೀರಿ. ಮತ್ತೆ ಮುಟ್ಟೋಕೆ ಹೋಗಬೇಡಿ."

ಇನ್ನೊಂದು ಸಲ ಸ್ವಲ್ಪ ತಿದ್ದೋಣವೆಂದು ಬೆರಳು ತುರಿಸಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂತೆ. ಭೂತಗನ್ನಡಿಯವರು ಕಾಗದ ಎಳೆದುಕೊಂಡರು. ಕಾರ್ಡನ್ನು ನೋಡಿದರು, ಕಾಗದ ನೋಡಿದರು, ಮತ್ತೆ ಕಾರ್ಡು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಫೋನಿನಲ್ಲಿ ಅತ್ತೆ, "ಏನಾಯ್ತು? ತಿಳಿಸಿ," ಎನ್ನುತ್ತಿದ್ದರು.

"ತಾಳೆ ಆಯ್ತು ಸಾರ್," ಎಂದು ಅವರು ಧಡ್ ಎಂದು ಮುದ್ರೆ ಒತ್ತಿದರು. "ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲ್ನೇ ಸಲ ನಿಮ್ಮ ಸಹೀನ ನೀವು ಸರಿಯಾಗಿ ಹಾಕಿರೋದು." ಆಮೇಲೆ ಡ್ರಾಯರಿನಿಂದ ಹೊಸದೊಂದು ಕಾರ್ಡು ತೆಗೆದು ನನ್ನ ಕಡೆ ತಳ್ಳಿದರು. ಮೂರು ಚೌಕ. "ಹಳೇದು ಹಳದಿಯಾಗಿದೆ. ಸೋಮವಾರ ಬೆಳಿಗ್ಗೆ ತುಂಬಿಸಿ ತನ್ನಿ. ಈ ಸಲ ನಿಮ್ಮ ಕೈಯಿಂದ," ಎಂದು ಒತ್ತಿ ಹೇಳಿದರು. ಅಂಕಪಟ್ಟಿಯನ್ನೂ ವಾಪಸು ಕೊಟ್ಟರು. ಅವರಿಗೆ ಎಷ್ಟು ಗೊತ್ತಾಗಿತ್ತೋ ನಾನು ಕೇಳಲು ಹೋಗಲಿಲ್ಲ.

ನಾನು ಮನೆ ತಲುಪಿದಾಗ ಅತ್ತೆ ವಾಚ್‌ಮನ್ ಕುರ್ಚಿಯಲ್ಲಿ ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಸುತ್ತ ನಿಂತ ಐದಾರು ಜನ ನೆರೆಹೊರೆಯವರ ನಡುವೆ ರಾಜಮಾತೆಯಂತೆ ಕೂತಿದ್ದರು. ಮುಖ ನೋವಿನಿಂದ ಬಿಳಿಚಿತ್ತು. ಒಂದು ಹಕ್ಕಿಗಾಗಿ ಈ ವಯಸ್ಸಾದ ಹೆಂಗಸನ್ನು ಒಂದೂವರೆ ಗಂಟೆ ಗಟ್ಟಿ ಕುರ್ಚಿಯಲ್ಲಿ ಕೂರಿಸಿದೆನಲ್ಲ! ಮೊಹರು ಒಡೆದೆ, ಪ್ರಮಾಣಪತ್ರವನ್ನು ಚೌಕಟ್ಟಿಗೆ ಸೇರಿಸಿದೆ, ನೆರೆಹೊರೆಯವರ ಜೊತೆ ಸೇರಿ ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಲಿಫ್ಟಿನೊಳಗೆ ತಂದೆ. ಹೆಂಡತಿ ಗುಂಡಿ ಒತ್ತಿದಳು. ಒಂದನೇ ಮಹಡಿ, ಎರಡು, ಮೂರು. ನಾನು ಕಣ್ಣು ಮುಚ್ಚಿ ಹಗ್ಗದ ಒಂದೊಂದು ಎಳೆಯನ್ನೂ ನೆನೆಯುತ್ತಿದ್ದೆ. ನಾಲ್ಕನೇ ಮಹಡಿಯಲ್ಲಿ ಬಾಗಿಲು ಯಾರನ್ನೂ ಕಚ್ಚದೆ ತೆರೆಯಿತು.

"ತಲುಪಿದೆ," ಎಂದರು ಅತ್ತೆ. "ಲಿಫ್ಟ್ ಸುಖ. ಅಳಿಯಂದಿರು ಕ್ಷೇಮವಲ್ಲ. ನೀರು ಕೊಡಿ."

ಹೆಂಡತಿ ಅವತ್ತು ಬಯ್ಯಲಿಲ್ಲ. ಶನಿವಾರವೂ ಬಯ್ಯಲಿಲ್ಲ. ಇದರಿಂದ ನನ್ನ ಗಾಬರಿ ಇನ್ನೂ ಹೆಚ್ಚಾಯಿತು. ಹೊಸ ಕಾರ್ಡು ಬೇರೆ ಚೀಲದಲ್ಲಿ ಕೂತು ಹೆದರಿಸುತ್ತಿತ್ತು. ಗುಟ್ಟಾಗಿ ನಾಲ್ಕು ಹಾಳೆ ಅಭ್ಯಾಸ ಮಾಡಿದೆ. ಫೋನಿನಲ್ಲಿ ಆ ಧ್ವನಿಯಿಲ್ಲದೆ ನನ್ನ ಕೈಗೆ ಮೂರು ಗುಡ್ಡ ದಾಟಲು ಬರುವುದಿಲ್ಲ. ಮತ್ತೆ ಮತ್ತೆ ಹಕ್ಕಿ.

ಭಾನುವಾರ ಮಧ್ಯಾಹ್ನ ನನಗೊಂದು ಉಪಾಯ ಹೊಳೆಯಿತು. ಹೊಸ ಕಾರ್ಡನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಪಕ್ಕದಲ್ಲಿ ಪೆನ್ನು, ಮುಚ್ಚಳ ತೆಗೆದು. ಹೆಂಡತಿ ಕೇಳುವ ಹಾಗೆ, "ಅಬ್ಬಾ, ಏನು ನಿದ್ದೆ ಬರ್ತಾ ಇದೆ," ಎಂದು ದೊಡ್ಡದಾಗಿ ಆಕಳಿಸಿ, ಮೇಜಿನ ಮೇಲೆ ತಲೆಯಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಹೆಜ್ಜೆ ಸದ್ದು ಕೇಳಿಸಿತು. ಕಾಗದ ಸರಿದ ಸದ್ದು, ಪೆನ್ನು ಓಡಿದ ಸದ್ದು. ಮಹಾತಾಯಿ, ಹತ್ತೊಂಬತ್ತು ವರ್ಷದ ಮೇಲೂ ನೋಡಲಾಗಲಿಲ್ಲ ಇವಳಿಗೆ ಎಂದು ಒಳಗೊಳಗೇ ಕರಗುತ್ತಾ, ನಿಜವಾಗಿಯೂ ನಿದ್ದೆಹೋದೆ.

ಎದ್ದು ನೋಡಿದೆ. ಕಾರ್ಡಿನ ಮೂರು ಚೌಕಗಳೂ ಖಾಲಿ. ಗೀಚುಚಿತ್ರದ ಪುಸ್ತಕ ಕಾಣಿಸಲಿಲ್ಲ, ಅದು ಗ್ರಂಥಾಲಯಕ್ಕೆ ವಾಪಸು ಹೋಗಿತ್ತು. ಅದರ ಜಾಗದಲ್ಲಿ ಒಂದನೇ ತರಗತಿಯ ಕಾಪಿ ಪುಸ್ತಕವೊಂದು ತೆರೆದಿತ್ತು. ಮೊದಲ ಸಾಲಿನಲ್ಲಿ ನನ್ನ ಸಹಿ, ಮುತ್ತಿನಂತೆ. ಎರಡನೇ ಸಾಲಿನಲ್ಲಿ ಅದೇ ಸಹಿ, ತಿದ್ದಲು ಅನುಕೂಲವಾಗುವಂತೆ ಚುಕ್ಕೆ ಚುಕ್ಕೆಯಲ್ಲಿ. ಮೂರನೇ ಸಾಲಿನಿಂದ ಪುಟದ ಕೊನೆಯವರೆಗೆ ಖಾಲಿ. ಅಂಚಿನಲ್ಲಿ, ನಲವತ್ತು ಮಕ್ಕಳಿಗೆ ಬರೆಯುವ ಅದೇ ಕೆಂಪು ಶಾಯಿಯಲ್ಲಿ, ದುಂಡಗೆ ಬರೆದಿತ್ತು:

'ಹಕ್ಕಿ ಬರೆದರೆ ಇನ್ನೊಂದು ಸಲ ಬರೆ. ಸಂಜೆಯೊಳಗೆ ತೋರಿಸು.'